ಸಿಸೇರಿಯನ್‌ಗೆ ಬೆನ್ನಿಗೆ ಕೊಡುವ ಇಂಜೆಕ್ಷನ್‌ನಿಂದ ಜೀವನಪೂರ್ತಿ ಬೆನ್ನುನೋವು ಬರುತ್ತದೆಯೇ?

"ಹೆರಿಗೆಯಲ್ಲಿ ಬೆನ್ನಿಗೆ ಇಂಜೆಕ್ಷನ್ ಹಾಕಿಸಿಕೊಂಡರೆ ಸೊಂಟ ಹೋದಂತೆಯೇ. ಆಮೇಲೆ ಬಿಂದಿಗೆ ಎತ್ತೋಕೂ ಆಗಲ್ಲ." ಈ ಮಾತನ್ನು ಕೇಳದ ಗರ್ಭಿಣಿ ನಮ್ಮಲ್ಲಿ ಸಿಗುವುದು ಕಷ್ಟ. ಅತ್ತಿಗೆ ಹೇಳುತ್ತಾರೆ, ಪಕ್ಕದ ಮನೆಯವರು ಹೇಳುತ್ತಾರೆ, ಈಗ ವಾಟ್ಸಾಪ್ ಕೂಡ ಹೇಳುತ್ತದೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಇಂಜೆಕ್ಷನ್ ಕೊಟ್ಟಿದ್ದರು, ಅವರಿಗೆ ಬೆನ್ನುನೋವೂ ಇದೆ. ಎರಡೂ ನಿಜ. ಆದರೆ ಮೊದಲನೆಯದರಿಂದಲೇ ಎರಡನೆಯದು ಬಂತೇ ಎಂಬುದು ಬೇರೆ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳು ಸಾವಿರಾರು ತಾಯಂದಿರನ್ನು ಅಧ್ಯಯನ ಮಾಡಿದ್ದಾರೆ. ಅದರಿಂದ ತಿಳಿದದ್ದೇನು, ಈ ಇಂಜೆಕ್ಷನ್‌ನ ನಿಜವಾದ ಅಪಾಯಗಳೇನು, ಬೆನ್ನುನೋವು ಬರುವುದಾದರೂ ಏಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಇದು ಎಷ್ಟು ಜನರ ಪ್ರಶ್ನೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಶೇ. 21.5ರಷ್ಟು ಹೆರಿಗೆಗಳು ಸಿಸೇರಿಯನ್. ಕರ್ನಾಟಕದಲ್ಲಿ ಇದು ಶೇ. 31.5. ಅಂದರೆ ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮಗು ಸಿಸೇರಿಯನ್ ಮೂಲಕ ಹುಟ್ಟುತ್ತದೆ. ಈ ಶಸ್ತ್ರಚಿಕಿತ್ಸೆಗಳಲ್ಲಿ ಬಹುಪಾಲನ್ನು ಬೆನ್ನಿಗೆ ಇಂಜೆಕ್ಷನ್ ಕೊಟ್ಟೇ ಮಾಡುತ್ತಾರೆ. ಹಾಗಾಗಿ ಈ ಭಯ ಲಕ್ಷಾಂತರ ಮನೆಗಳನ್ನು ತಟ್ಟುವಂಥದ್ದು.

ಈ ಇಂಜೆಕ್ಷನ್ ಎಲ್ಲಿಗೆ ಹೋಗುತ್ತದೆ?

ಬೆನ್ನಿಗೆ ಕೊಡುವ ಅರಿವಳಿಕೆಯಲ್ಲಿ ಮುಖ್ಯವಾಗಿ ಎರಡು ಬಗೆ.

ಸ್ಪೈನಲ್: ಸಿಸೇರಿಯನ್‌ಗೆ ಹೆಚ್ಚಾಗಿ ಕೊಡುವುದು ಇದನ್ನೇ. ಬೆನ್ನುಮೂಳೆಯ ಒಳಗೆ ನರಗಳ ಸುತ್ತ ನೀರಿನಂಥ ದ್ರವ ಇರುತ್ತದೆ. ಅದರೊಳಗೆ ಸುಮಾರು 2 ಮಿಲಿ ಔಷಧಿ ಹಾಕುತ್ತಾರೆ. ಕೆಲವೇ ನಿಮಿಷಗಳಲ್ಲಿ ಎದೆಯ ಕೆಳಗಿನ ಭಾಗ ಮರಗಟ್ಟುತ್ತದೆ. ಕೆಲವು ಗಂಟೆಗಳಲ್ಲಿ ಪರಿಣಾಮ ಇಳಿಯುತ್ತದೆ. ಸೂಜಿಯ ದಪ್ಪ ಅರ್ಧ ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ.

ಎಪಿಡ್ಯೂರಲ್: ಸಹಜ ಹೆರಿಗೆಯ ನೋವು ಕಡಿಮೆ ಮಾಡಲು ಕೊಡುವುದು. ಇಲ್ಲಿ ಸೂಜಿ ಆ ದ್ರವದ ಚೀಲದೊಳಗೆ ಹೋಗುವುದಿಲ್ಲ, ಹೊರಗೇ ನಿಲ್ಲುತ್ತದೆ. ಅಲ್ಲಿಗೆ ಕೂದಲಿನಂಥ ತೆಳು ಕೊಳವೆ ಇಟ್ಟು, ಬೇಕಾದಾಗ ಔಷಧಿ ಕೊಡುತ್ತಾರೆ. ಇದರ ಸೂಜಿ ಸ್ಪೈನಲ್ ಸೂಜಿಗಿಂತ ದಪ್ಪ.

"ಸೂಜಿ ಮಿದುಳುಬಳ್ಳಿಗೆ ಚುಚ್ಚಿದರೆ?" ಎಂಬ ಭಯ ಹಲವರಿಗಿದೆ. ದೊಡ್ಡವರಲ್ಲಿ ಮಿದುಳುಬಳ್ಳಿ ಸಾಮಾನ್ಯವಾಗಿ ಸೊಂಟದ ಮೊದಲನೆಯ ಅಥವಾ ಎರಡನೆಯ ಕಶೇರುಮಣಿಯ ಹತ್ತಿರವೇ ಮುಗಿಯುತ್ತದೆ. ಇಂಜೆಕ್ಷನ್ ಕೊಡುವುದು ಅದಕ್ಕಿಂತ ಕೆಳಗೆ. ಅಲ್ಲಿರುವುದು ದ್ರವದಲ್ಲಿ ತೇಲುವ ನರದ ಎಳೆಗಳು. ಸೂಜಿ ಹೋಗುವುದು ಎರಡು ಮೂಳೆಗಳ ನಡುವಿನ ಸಂದಿಯಲ್ಲಿ, ಮೂಳೆಯನ್ನು ಕೊರೆದುಕೊಂಡು ಅಲ್ಲ. ಇಂಜೆಕ್ಷನ್ ಕೊಡುವಾಗ "ಬೆಕ್ಕಿನ ಹಾಗೆ ಬೆನ್ನು ಬಾಗಿಸಿ, ಅಲುಗಾಡಬೇಡಿ" ಎನ್ನುವುದು ಆ ಸಂದಿ ಅಗಲವಾಗಲಿ ಎಂದೇ.

ಇಂಜೆಕ್ಷನ್ ಮೇಲೆ ಅನುಮಾನ ಹುಟ್ಟಿದ್ದು ಹೇಗೆ?

ಈ ಅನುಮಾನ ಹಳ್ಳಿಯ ಮಾತಿನಲ್ಲಿ ಮಾತ್ರ ಇರಲಿಲ್ಲ, ವೈದ್ಯಕೀಯ ಪತ್ರಿಕೆಯಲ್ಲೂ ಬಂದಿತ್ತು. 1990ರಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನ ಸಂಶೋಧಕರು 11,701 ತಾಯಂದಿರಿಂದ ಅಂಚೆಯ ಮೂಲಕ ಮಾಹಿತಿ ತರಿಸಿಕೊಂಡ ಅಧ್ಯಯನ ಪ್ರಕಟಿಸಿದರು. ಎಪಿಡ್ಯೂರಲ್ ತೆಗೆದುಕೊಂಡವರಲ್ಲಿ ಶೇ. 18.9 ಮಂದಿ ಹೆರಿಗೆಯ ನಂತರ ದೀರ್ಘಕಾಲದ ಬೆನ್ನುನೋವು ಬಂತೆಂದರು. ತೆಗೆದುಕೊಳ್ಳದವರಲ್ಲಿ ಹಾಗೆ ಹೇಳಿದವರು ಶೇ. 10.5.

ಮೇಲ್ನೋಟಕ್ಕೆ ವಿಷಯ ಇತ್ಯರ್ಥವಾದಂತೆ ಕಾಣುತ್ತದೆ. ಆದರೆ ಎರಡು ತೊಡಕುಗಳಿದ್ದವು.

ಒಂದು, ಇದು ನೆನಪಿನ ಮೇಲೆ ನಿಂತ ಲೆಕ್ಕ. ಹೆರಿಗೆಯಾಗಿ ವರ್ಷಗಳೇ ಕಳೆದ ಮೇಲೆ ಪ್ರಶ್ನೆ ಕೇಳಲಾಗಿತ್ತು. ಬೆನ್ನಿಗೆ ಇಂಜೆಕ್ಷನ್ ಹಾಕಿಸಿಕೊಂಡವರು ಬೆನ್ನುನೋವನ್ನು ಹೆಚ್ಚು ಗಮನಿಸುತ್ತಾರೆ, ಹೆಚ್ಚು ನೆನಪಿಡುತ್ತಾರೆ. ಜೊತೆಗೆ, ಕಷ್ಟದ ಮತ್ತು ದೀರ್ಘ ಹೆರಿಗೆಯಾಗುವವರೇ ಎಪಿಡ್ಯೂರಲ್ ಕೇಳುವುದು ಹೆಚ್ಚು. ನೋವಿಗೆ ಆ ಕಷ್ಟದ ಹೆರಿಗೆಯೇ ಕಾರಣವಾಗಿದ್ದರೂ ಇರಬಹುದು.

ಎರಡು, ಅದೇ ಅಧ್ಯಯನದಲ್ಲಿ ಮೊದಲೇ ದಿನ ಗೊತ್ತುಮಾಡಿ ಸಿಸೇರಿಯನ್ ಮಾಡಿಸಿಕೊಂಡವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಅವರ ಬೆನ್ನಿಗೂ ಸೂಜಿ ಹೋಗಿತ್ತು, ಆದರೂ ಬೆನ್ನುನೋವು ಹೆಚ್ಚಿರಲಿಲ್ಲ. ಸೂಜಿಯೇ ಕಾರಣವಾಗಿದ್ದರೆ ಇವರಲ್ಲೂ ನೋವು ಹೆಚ್ಚಾಗಬೇಕಿತ್ತಲ್ಲವೇ? ಹಾಗಾಗಿ ಅದೇ ಸಂಶೋಧಕರು ಸೂಜಿಗಿಂತ, ಹೆರಿಗೆಯ ವೇಳೆ ಮರಗಟ್ಟಿದ ದೇಹ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಇರುವುದರ ಮೇಲೆ ಅನುಮಾನ ಪಟ್ಟರು.

ಮುಂದಿನ ಸಂಶೋಧನೆ ಏನು ಹೇಳಿತು?

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವೆ. ಕೊಂಬೆ ಮುರಿದದ್ದು ಕಾಗೆಯಿಂದಲೇ ಹೌದೋ ಅಲ್ಲವೋ ತಿಳಿಯಬೇಕಾದರೆ ಕಾಗೆ ಕೂರದ ಕೊಂಬೆಗಳನ್ನೂ ಎಣಿಸಬೇಕು. ಸಂಶೋಧಕರು ಮಾಡಿದ್ದು ಅದನ್ನೇ.

1994ರಲ್ಲಿ ಅಮೆರಿಕದಲ್ಲಿ 1,042 ತಾಯಂದಿರನ್ನು ಹೆರಿಗೆಯ ಸಮಯದಿಂದಲೇ ಗಮನಿಸಿದ ಅಧ್ಯಯನ ಪ್ರಕಟವಾಯಿತು. ಹೆರಿಗೆಯಾದ ಒಂದೆರಡು ತಿಂಗಳಿಗೆ, ಎಪಿಡ್ಯೂರಲ್ ತೆಗೆದುಕೊಂಡವರಲ್ಲಿ ಶೇ. 44 ಮಂದಿಗೆ ಬೆನ್ನುನೋವಿತ್ತು. ತೆಗೆದುಕೊಳ್ಳದವರಲ್ಲಿ ಶೇ. 45 ಮಂದಿಗೆ! ಮೊದಲೇ ಬೆನ್ನುನೋವು ಇದ್ದವರಲ್ಲಿ ಮತ್ತು ದೇಹದ ತೂಕ ಹೆಚ್ಚಿದ್ದವರಲ್ಲಿ ನೋವು ಹೆಚ್ಚು ಕಂಡುಬಂತು.

ಇದಕ್ಕಿಂತ ಗಟ್ಟಿಯಾದ ಪುರಾವೆ ಚೀಟಿ ಎತ್ತಿ ಗುಂಪು ಮಾಡುವ ಅಧ್ಯಯನಗಳಿಂದ ಬಂತು. ಅಲ್ಲಿ ಯಾರಿಗೆ ಎಪಿಡ್ಯೂರಲ್, ಯಾರಿಗೆ ಬೇರೆ ನೋವುನಿವಾರಕ ಎಂಬುದನ್ನು ತಾಯಿಯಾಗಲಿ ವೈದ್ಯರಾಗಲಿ ಆರಿಸುವುದಿಲ್ಲ, ಲಾಟರಿಯಂತೆ ನಿರ್ಧಾರವಾಗುತ್ತದೆ. ಆಗ ಎರಡೂ ಗುಂಪಿನಲ್ಲಿ ಎಲ್ಲ ಬಗೆಯ ತಾಯಂದಿರೂ ಸಮನಾಗಿ ಹಂಚಿಹೋಗುತ್ತಾರೆ.

ಬ್ರಿಟನ್ನಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಇಂಥ ಒಂದು ಅಧ್ಯಯನದಲ್ಲಿ 369 ತಾಯಂದಿರಿದ್ದರು. ಸರಾಸರಿ ಎರಡು ವರ್ಷಕ್ಕೂ ಹೆಚ್ಚು ಕಾಲದ ನಂತರ ಅವರನ್ನು ಮತ್ತೆ ಭೇಟಿ ಮಾಡಿ ಕೇಳಿದರು. ಬೆನ್ನು ಎಷ್ಟು ಬಾಗುತ್ತದೆ ಎಂದು ಅಳೆದೂ ನೋಡಿದರು. ಎರಡೂ ಗುಂಪುಗಳಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮಂದಿಗೆ ಹಿಂದಿನ ವಾರದಲ್ಲಿ ಬೆನ್ನುನೋವು ಬಂದಿತ್ತು. ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಹೆರಿಗೆಯ ವೇಳೆ ಕೆಲವರು ತಮಗೆ ಬಂದ ಚೀಟಿಯನ್ನು ಬಿಟ್ಟು ಬೇರೆ ವಿಧಾನ ಪಡೆದದ್ದು ಈ ಅಧ್ಯಯನದ ಒಂದು ಮಿತಿ. ಆದರೆ ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲೂ ಆರು ತಿಂಗಳ ನಂತರ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತಾಯಂದಿರಿಗೆ ಬೆನ್ನುನೋವಿತ್ತು. 2018ರಲ್ಲಿ ಕಾಕ್ರೇನ್ ಸಂಸ್ಥೆ 11,000ಕ್ಕೂ ಹೆಚ್ಚು ತಾಯಂದಿರಿದ್ದ ಎಪಿಡ್ಯೂರಲ್ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ದೀರ್ಘಕಾಲದ ಬೆನ್ನುನೋವಿನ ಬಗ್ಗೆ ಮಾಹಿತಿ ಇದ್ದ ಅಧ್ಯಯನಗಳಲ್ಲಿ ಎಪಿಡ್ಯೂರಲ್‌ನಿಂದ ನೋವು ಹೆಚ್ಚಾದದ್ದು ಕಾಣಲಿಲ್ಲ.

ಇಲ್ಲೊಂದು ಮಾತು ಸ್ಪಷ್ಟಪಡಿಸಬೇಕು. ಈ ಚೀಟಿ ಎತ್ತುವ ಅಧ್ಯಯನಗಳು ನಡೆದದ್ದು ಹೆರಿಗೆ ನೋವಿಗೆ ಕೊಡುವ ಎಪಿಡ್ಯೂರಲ್ ಮೇಲೆ. ಸಿಸೇರಿಯನ್‌ಗೆ ಕೊಡುವ ಸ್ಪೈನಲ್‌ನಲ್ಲಿ ಸೂಜಿ ಇನ್ನೂ ತೆಳು, ಚುಚ್ಚುವುದು ಒಂದೇ ಸಲ, ಕೊಳವೆ ಇಡುವುದೂ ಇಲ್ಲ. ದಪ್ಪ ಸೂಜಿಯಿಂದಲೇ ಬಾರದ ದೀರ್ಘಕಾಲದ ನೋವು ತೆಳು ಸೂಜಿಯಿಂದ ಬರುತ್ತದೆ ಎನ್ನಲು ಆಧಾರ ಕಾಣುವುದಿಲ್ಲ.

ಹಾಗಾದರೆ ಬೆನ್ನುನೋವು ಏಕೆ?

ಮೇಲಿನ ಅಂಕಿಗಳನ್ನು ಮತ್ತೊಮ್ಮೆ ನೋಡಿ. ಇಂಜೆಕ್ಷನ್ ಇರಲಿ, ಇಲ್ಲದಿರಲಿ, ಹೆರಿಗೆಯ ನಂತರದ ತಿಂಗಳುಗಳಲ್ಲಿ ಅರ್ಧದಷ್ಟು ತಾಯಂದಿರಿಗೆ ಬೆನ್ನುನೋವಿರುತ್ತದೆ. ಕಾರಣಗಳು ಹಲವು:

• ಗರ್ಭ ಬೆಳೆದಂತೆ ದೇಹದ ಭಾರ ಮುಂದಕ್ಕೆ ವಾಲುತ್ತದೆ. ಅದನ್ನು ತಡೆಯಲು ಸೊಂಟ ಹಿಂದಕ್ಕೆ ಬಾಗುತ್ತದೆ.
• ಹೆರಿಗೆಗೆ ಅನುಕೂಲವಾಗಲೆಂದು ಹಾರ್ಮೋನುಗಳು ಸೊಂಟದ ಕೀಲುಗಳ ಕಟ್ಟುಗಳನ್ನು ಸಡಿಲಿಸುತ್ತವೆ. ಅವು ಮತ್ತೆ ಬಿಗಿಯಾಗಲು ತಿಂಗಳುಗಳು ಬೇಕು.
• ಹೊಟ್ಟೆಯ ಸ್ನಾಯುಗಳು ಹಿಗ್ಗಿ ದುರ್ಬಲವಾಗಿರುತ್ತವೆ. ಬೆನ್ನಿಗೆ ಮುಂಭಾಗದ ಆಸರೆ ಕಡಿಮೆಯಾಗುತ್ತದೆ.
• ಬಾಗಿ ಕುಳಿತು ಹಾಲುಣಿಸುವುದು, ನೆಲದಿಂದ ಮಗುವನ್ನು ಎತ್ತುವುದು, ರಾತ್ರಿಯೆಲ್ಲಾ ನಿದ್ದೆಗೆಡುವುದು. ಮಗುವಿನ ತೂಕವೂ ದಿನೇದಿನೇ ಏರುತ್ತಿರುತ್ತದೆ.
• ಬಾಣಂತನದಲ್ಲಿ ಹೆಚ್ಚು ಹೊತ್ತು ಮಲಗಿಯೇ ಇದ್ದು ಸ್ನಾಯುಗಳು ಇನ್ನಷ್ಟು ಸೋಲುವುದು.

ಸೂಜಿ ಚುಚ್ಚಿದ ಜಾಗದಲ್ಲಿ ಮುಟ್ಟಿದರೆ ನೋಯುವುದು ಮಾತ್ರ ಇಂಜೆಕ್ಷನ್‌ನಿಂದಲೇ. ಅದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹೋಗುತ್ತದೆ.

ಈ ತಪ್ಪುನಂಬಿಕೆಯಿಂದ ಆಗುವ ನಷ್ಟವೇನು?

"ಹೋಗಲಿ ಬಿಡಿ, ನಂಬಿದರೆ ಏನಾಯಿತು?" ಎನ್ನಬಹುದು. ಮೂರು ನಷ್ಟಗಳಿವೆ.

ಮೊದಲನೆಯದು, ಬೆನ್ನಿನ ಇಂಜೆಕ್ಷನ್ ಬೇಡ, ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಆಪರೇಷನ್ ಮಾಡಿ ಎಂದು ಹಟ ಹಿಡಿಯುವುದು. ಗರ್ಭಿಣಿಯರಲ್ಲಿ ಪೂರ್ಣ ಅರಿವಳಿಕೆಗೆ ತನ್ನದೇ ತೊಡಕುಗಳಿವೆ. ಗಂಟಲಿನ ಭಾಗ ಊದಿಕೊಂಡಿರುವುದರಿಂದ ಉಸಿರಿನ ಕೊಳವೆ ಹಾಕುವುದು ಕಷ್ಟವಾಗಬಹುದು. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಅಮೆರಿಕದ ಲೆಕ್ಕದ ಪ್ರಕಾರ 1985-90ರಲ್ಲಿ ಸಿಸೇರಿಯನ್‌ನಲ್ಲಿ ಪೂರ್ಣ ಅರಿವಳಿಕೆಯಿಂದ ಸಾವಿನ ಅಪಾಯ ಬೆನ್ನಿನ ಅರಿವಳಿಕೆಗಿಂತ 16 ಪಟ್ಟಿಗೂ ಹೆಚ್ಚಿತ್ತು. ಉಪಕರಣ ಮತ್ತು ತರಬೇತಿ ಸುಧಾರಿಸಿದಂತೆ ಆ ಅಂತರ 1997-2002ರ ಹೊತ್ತಿಗೆ ಎರಡು ಪಟ್ಟಿಗಿಂತ ಕೆಳಗೆ ಇಳಿಯಿತು. ಆದರೂ ಅವಕಾಶವಿದ್ದಾಗ ವೈದ್ಯರು ಮೊದಲು ಆರಿಸುವುದು ಬೆನ್ನಿನ ಇಂಜೆಕ್ಷನ್ನನ್ನೇ. ತಾಯಿ ಎಚ್ಚರವಾಗಿರುತ್ತಾಳೆ, ಮಗುವಿನ ಮೊದಲ ಅಳು ಕೇಳುತ್ತಾಳೆ, ಬೇಗ ಹಾಲುಣಿಸಬಹುದು. ಔಷಧಿಯ ಪ್ರಮಾಣ ತೀರಾ ಕಡಿಮೆ ಇರುವುದರಿಂದ ಮಗುವಿಗೆ ತಲುಪುವುದೂ ಅತ್ಯಲ್ಪ.

ಎರಡನೆಯದು, ನೋವು ತಡೆಯಲಾಗದೆ ಒದ್ದಾಡುವ ಹೆಣ್ಣಿಗೆ ಎಪಿಡ್ಯೂರಲ್ ಲಭ್ಯವಿದ್ದರೂ "ಬೇಡ, ಬೆನ್ನು ಹೋಗುತ್ತೆ" ಎಂದು ಮನೆಯವರೇ ತಡೆಯುವುದು. ಬೇಕೋ ಬೇಡವೋ ಎಂಬುದು ಆಕೆಯ ನಿರ್ಧಾರ. ಆದರೆ ಅದು ಸರಿಯಾದ ಮಾಹಿತಿಯ ಮೇಲೆ ನಿಂತಿರಬೇಕು.

ಮೂರನೆಯದನ್ನು ಯಾರೂ ಗಮನಿಸುವುದಿಲ್ಲ. "ಇದು ಇಂಜೆಕ್ಷನ್ ನೋವು, ಹೋಗುವಂಥದ್ದಲ್ಲ" ಎಂದುಕೊಂಡ ತಾಯಿ ಹತ್ತು ವರ್ಷ, ಇಪ್ಪತ್ತು ವರ್ಷ ನೋವನ್ನು ಹೊತ್ತು ತಿರುಗುತ್ತಾಳೆ, ಚಿಕಿತ್ಸೆ ಕೇಳುವುದೇ ಇಲ್ಲ. ವ್ಯಾಯಾಮದಿಂದ ಬಲಗೊಳ್ಳುವ ಸ್ನಾಯು, ಮಾತ್ರೆಯಿಂದ ಸರಿಹೋಗುವ ವಿಟಮಿನ್ ಡಿ ಕೊರತೆ, ಪರೀಕ್ಷೆ ಮಾಡಿಸಬೇಕಾದ ಡಿಸ್ಕ್ ತೊಂದರೆ ಎಲ್ಲವೂ ಆ ಒಂದು ಸೂಜಿಯ ಹೆಸರಿನ ಹಿಂದೆ ಅಡಗಿಬಿಡುತ್ತವೆ.

ನಿಜವಾದ ಅಡ್ಡಪರಿಣಾಮಗಳು ಯಾವುವು?

ಈ ಇಂಜೆಕ್ಷನ್‌ಗೆ ಅಪಾಯವೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ತಿಳಿದಿರಬೇಕಾದವು ಇವು:

ರಕ್ತದೊತ್ತಡ ಇಳಿಯುವುದು: ಸ್ಪೈನಲ್ ಕೊಟ್ಟ ತಕ್ಷಣ ಬಿ.ಪಿ. ಇಳಿದು ತಲೆಸುತ್ತು, ವಾಕರಿಕೆ ಬರುವುದು ಸಾಮಾನ್ಯ. ಅರಿವಳಿಕೆ ತಜ್ಞರು ಇದಕ್ಕೆ ಸಿದ್ಧರಾಗಿಯೇ ಇರುತ್ತಾರೆ. ಡ್ರಿಪ್ ಮತ್ತು ಔಷಧಿಯಿಂದ ಸರಿಪಡಿಸುತ್ತಾರೆ. ಹಾಗೆ ಅನ್ನಿಸಿದ ಕೂಡಲೇ ಹೇಳಿ, ಸಂಕೋಚ ಬೇಡ.

ತಲೆನೋವು: ಇದು ಸ್ಪೈನಲ್‌ನಷ್ಟೇ ಹಳೆಯದು. 1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಸರ್ಜನ್ ಔಗಸ್ಟ್ ಬೀರ್ ಸ್ಪೈನಲ್ ಅರಿವಳಿಕೆಯನ್ನು ಬಳಕೆಗೆ ತಂದರು. ತನ್ನ ಮೇಲೂ ತನ್ನ ಸಹಾಯಕನ ಮೇಲೂ ಪ್ರಯೋಗ ಮಾಡಿ ನೋಡಿದರು. ಇಬ್ಬರಿಗೂ ತಲೆನೋವು ಬಂತು, ಬೀರ್ ಒಂಬತ್ತು ದಿನ ಹಾಸಿಗೆ ಹಿಡಿದರು. ಸೂಜಿಯ ತೂತಿನಿಂದ ಬೆನ್ನಿನ ದ್ರವ ಸೋರುವುದೇ ಇದಕ್ಕೆ ಕಾರಣ. ಕೂತರೆ, ನಿಂತರೆ ನೋವು ಜೋರು, ಮಲಗಿದರೆ ಕಡಿಮೆ. ಇದೇ ಇದರ ಗುರುತು. ಇಂದಿನ ತೆಳುವಾದ, ಪೆನ್ಸಿಲ್ ಮೊನೆಯಂಥ ಸೂಜಿಗಳಿಂದ ಇದು ನೂರರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತಲೂ ಕಡಿಮೆ ಮಂದಿಗೆ ಬರುತ್ತದೆ. ಹೆಚ್ಚಿನವರಿಗೆ ನೋವಿನ ಮಾತ್ರೆ ಮತ್ತು ವಿಶ್ರಾಂತಿಯಿಂದ ಗುಣವಾಗುತ್ತದೆ. ತೀವ್ರವಾಗಿದ್ದರೆ ತಾಯಿಯದೇ ಸ್ವಲ್ಪ ರಕ್ತವನ್ನು ಬೆನ್ನಿನ ಆ ಜಾಗಕ್ಕೆ ಹಾಕಿ ತೂತು ಮುಚ್ಚುವ ಚಿಕಿತ್ಸೆ ಇದೆ.

"24 ಗಂಟೆ ದಿಂಬು ಇಡಬಾರದು, ತಲೆ ಎತ್ತಬಾರದು" ಎಂಬ ಮಾತೂ ಇಲ್ಲಿಂದಲೇ ಹುಟ್ಟಿದ್ದು. ಅಂಗಾತ ಮಲಗಿಸುವುದರಿಂದ ಈ ತಲೆನೋವು ತಪ್ಪುವುದಿಲ್ಲ ಎಂದು ಸಂಶೋಧನೆಗಳು ತೋರಿಸಿವೆ. ಕಾಲುಗಳಿಗೆ ಶಕ್ತಿ ಮರಳಿದ ಮೇಲೆ, ದಾದಿಯ ಸಹಾಯದಿಂದ ಬೇಗ ಎದ್ದು ಓಡಾಡುವುದೇ ಒಳ್ಳೆಯದು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯಲೂ ಅದು ನೆರವಾಗುತ್ತದೆ.

ನರಕ್ಕೆ ಶಾಶ್ವತ ಹಾನಿ: ಇದು ಅತಿ ಅಪರೂಪ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಅನೆಸ್ಥೆಟಿಸ್ಟ್ಸ್ 2009ರಲ್ಲಿ ಪ್ರಕಟಿಸಿದ ರಾಷ್ಟ್ರಮಟ್ಟದ ತಪಾಸಣೆಯಲ್ಲಿ ಬೆನ್ನಿನ ಅರಿವಳಿಕೆಯ 7 ಲಕ್ಷಕ್ಕೂ ಹೆಚ್ಚು ಪ್ರಕರಣಗಳಿದ್ದವು. ಅನುಮಾನ ಇದ್ದದ್ದನ್ನೆಲ್ಲಾ ಸೇರಿಸಿದರೂ ಶಾಶ್ವತ ಹಾನಿಯಾದದ್ದು ಲಕ್ಷಕ್ಕೆ 4.2 ಮಂದಿಗೆ. ಹೆರಿಗೆಗಾಗಿ ಕೊಟ್ಟವುಗಳಲ್ಲಿ ಈ ಪ್ರಮಾಣ ಇನ್ನೂ ಕಡಿಮೆ ಇತ್ತು.

ಅರಿವಳಿಕೆ ತಜ್ಞರಿಗೆ ಇವನ್ನು ತಪ್ಪದೇ ಹೇಳಿ

• ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳು. ರಕ್ತ ತೆಳುವಾಗಿಸುವ ಹೆಪಾರಿನ್‌ನಂಥ ಇಂಜೆಕ್ಷನ್ ಇದ್ದರೆ ಕೊನೆಯ ಡೋಸ್ ಯಾವಾಗ ಎಂಬುದು ಮುಖ್ಯ. ಆದರೆ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ. ಆಯುರ್ವೇದ, ನಾಟಿ ಔಷಧಿ ಇದ್ದರೂ ಹೇಳಿ.
• ಪ್ಲೇಟ್‌ಲೆಟ್ ಕಡಿಮೆ ಇರುವುದು, ಬೇಗ ರಕ್ತ ನಿಲ್ಲದಿರುವುದು, ಬೆನ್ನುಮೂಳೆಯ ಹಳೆಯ ಶಸ್ತ್ರಚಿಕಿತ್ಸೆ, ಔಷಧಿಯ ಅಲರ್ಜಿ.
• ಕೊನೆಯದಾಗಿ ತಿಂದದ್ದು ಏನು, ಎಷ್ಟು ಗಂಟೆಗೆ. 1946ರಲ್ಲಿ ನ್ಯೂಯಾರ್ಕಿನ ವೈದ್ಯ ಕರ್ಟಿಸ್ ಮೆಂಡಲ್ಸನ್ ಹೆರಿಗೆಯ ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದ 66 ಪ್ರಕರಣಗಳನ್ನು ವರದಿ ಮಾಡಿದ ಮೇಲೆ ಈ ಎಚ್ಚರ ಬಂತು. "ಶಕ್ತಿ ಬರಲಿ" ಎಂದು ಗುಟ್ಟಾಗಿ ಎರಡು ತುತ್ತು ತಿನ್ನಿಸಿದ್ದರೆ ಅದನ್ನು ಮುಚ್ಚಿಡಬೇಡಿ. ದಿನ ಗೊತ್ತಾದ ಸಿಸೇರಿಯನ್‌ಗೆ ಸಾಮಾನ್ಯವಾಗಿ 6 ಗಂಟೆ ಮೊದಲು ಲಘು ಆಹಾರ, 2 ಗಂಟೆ ಮೊದಲು ನೀರು ನಿಲ್ಲಿಸುತ್ತಾರೆ. ನಿಮ್ಮ ವೈದ್ಯರು ಹೇಳಿದ ಸಮಯವನ್ನೇ ಪಾಲಿಸಿ.

ರಕ್ತಸ್ರಾವ ತೀವ್ರವಾಗಿದ್ದರೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದರೆ ಅಥವಾ ಸಮಯವೇ ಇಲ್ಲದಿದ್ದರೆ ವೈದ್ಯರೇ ಪೂರ್ಣ ಅರಿವಳಿಕೆ ಆರಿಸಬಹುದು. ಅಂಥ ಹೊತ್ತಿನಲ್ಲಿ ಜೀವ ಉಳಿಸುವುದು ಅದೇ. ಹೆದರಬೇಡಿ.

ಯಾವಾಗ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು?

ಹೆರಿಗೆಯ ನಂತರ ಈ ಲಕ್ಷಣಗಳಲ್ಲಿ ಯಾವುದೇ ಕಂಡರೂ ಕಾಯಬೇಡಿ:

• ಕಾಲುಗಳಲ್ಲಿ ಶಕ್ತಿ ಕುಗ್ಗುವುದು, ಮರಗಟ್ಟುವಿಕೆ ಹೋಗದಿರುವುದು ಅಥವಾ ಹೋಗಿ ಮತ್ತೆ ಬರುವುದು
• ಮೂತ್ರ ಕಟ್ಟುವುದು, ಮಲಮೂತ್ರದ ಮೇಲೆ ಹಿಡಿತ ತಪ್ಪುವುದು
• ಜ್ವರದ ಜೊತೆಗೆ ತೀವ್ರ ಬೆನ್ನುನೋವು, ಚುಚ್ಚಿದ ಜಾಗ ಕೆಂಪಾಗಿ ಕೀವು ಬರುವುದು
• ಕೂತರೆ ತಡೆಯಲಾಗದ ತಲೆನೋವು. ಜೊತೆಗೆ ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ಬಿ.ಪಿ. ಹೆಚ್ಚಿದ್ದರೆ ಅದು ಇಂಜೆಕ್ಷನ್ ತಲೆನೋವು ಅಲ್ಲದೆಯೂ ಇರಬಹುದು, ಇನ್ನೂ ತುರ್ತು.

ಸಾಮಾನ್ಯ ಬೆನ್ನುನೋವಿಗೆ ಏನು ಮಾಡಬೇಕು?

ಹಾಲುಣಿಸುವಾಗ ಬೆನ್ನಿಗೆ ದಿಂಬು ಕೊಟ್ಟು ಒರಗಿ ಕೂರಿ. ನೀವು ಮಗುವಿನತ್ತ ಬಾಗುವ ಬದಲು ಮಗುವನ್ನು ಎದೆಯ ಮಟ್ಟಕ್ಕೆ ತನ್ನಿ. ಎತ್ತುವಾಗ ಸೊಂಟ ಬಾಗಿಸದೆ ಮಂಡಿ ಬಗ್ಗಿಸಿ. ನಡಿಗೆಯನ್ನು ದಿನದಿನಕ್ಕೆ ಸ್ವಲ್ಪ ಹೆಚ್ಚಿಸಿ. ಹೊಟ್ಟೆ ಮತ್ತು ಬೆನ್ನಿನ ವ್ಯಾಯಾಮವನ್ನು ವೈದ್ಯರ ಅಥವಾ ಫಿಸಿಯೋಥೆರಪಿಸ್ಟ್ ಸಲಹೆಯಂತೆ ಶುರುಮಾಡಿ. ಹಾಲುಣಿಸುವ ತಾಯಂದಿರು ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ತೆಗೆದುಕೊಳ್ಳಬಹುದು. ಆದರೆ ಗರ್ಭಿಣಿಯಾಗಿದ್ದಾಗ, ಅದರಲ್ಲೂ 20 ವಾರಗಳ ನಂತರ, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ಸ್ವಂತವಾಗಿ ನುಂಗಬಾರದು. ಕೆಲವು ವಾರಗಳಲ್ಲಿ ನೋವು ಇಳಿಯದಿದ್ದರೆ ತೋರಿಸಿ.

ಒಟ್ಟಿನಲ್ಲಿ ಹೇಳುವುದಾದರೆ

ಹೇಳಿಕೆ: ಹೆರಿಗೆಯಲ್ಲಿ ಬೆನ್ನಿಗೆ ಕೊಡುವ ಇಂಜೆಕ್ಷನ್ ಜೀವನಪೂರ್ತಿ ಬೆನ್ನುನೋವು ತರುತ್ತದೆ.

ವಾಸ್ತವ: ತಪ್ಪು. ಚುಚ್ಚಿದ ಜಾಗದ ನೋವು ಕೆಲವು ದಿನಗಳದ್ದು. ದೀರ್ಘಕಾಲದ ಬೆನ್ನುನೋವು ಇಂಜೆಕ್ಷನ್ ಪಡೆದವರಲ್ಲೂ ಪಡೆಯದವರಲ್ಲೂ ಒಂದೇ ಪ್ರಮಾಣದಲ್ಲಿದೆ. ತಲೆನೋವು, ಬಿ.ಪಿ. ಇಳಿಯುವುದು ನಿಜವಾದ ಅಡ್ಡಪರಿಣಾಮಗಳು, ಎರಡಕ್ಕೂ ಚಿಕಿತ್ಸೆ ಇದೆ.

ಇದನ್ನು ಗರ್ಭಿಣಿಯರಿಗೆ ಕಳುಹಿಸುವಾಗ ಇನ್ನೊಬ್ಬರನ್ನೂ ನೆನಪಿಸಿಕೊಳ್ಳಿ. "ಆ ಇಂಜೆಕ್ಷನ್ ಆದಾಗಿನಿಂದ ಹೀಗೇ" ಎನ್ನುತ್ತಾ ವರ್ಷಗಳಿಂದ ಸೊಂಟ ಹಿಡಿದು ಕೆಲಸ ಮಾಡುತ್ತಿರುವ ಅಮ್ಮ, ಅಕ್ಕ, ಅತ್ತೆ ನಿಮ್ಮ ಮನೆಯಲ್ಲೂ ಇರಬಹುದು. ಅವರ ನೋವು ನಿಜ. ಅದಕ್ಕೆ ಬೇರೆ ಕಾರಣ ಇದ್ದೀತು, ಚಿಕಿತ್ಸೆಯೂ ಇದ್ದೀತು. ಒಮ್ಮೆ ವೈದ್ಯರ ಬಳಿ ಕರೆದುಕೊಂಡು ಹೋಗಿ.